ಹಳೆಯ ಇ.ವಿ.ಗೆ ಹೊಸ ಲೆಕ್ಕ

ಪೆಟ್ರೋಲ್ ಕಾರು ಮಾರಿ ಎಲೆಕ್ಟ್ರಿಕ್ ಕಾರು ತರಬಹುದೇ ಎಂದು ಕೇಳಿದರೆ ಈಗ ಬೀದಿಗೊಬ್ಬರು ಉತ್ತರ ಹೇಳುತ್ತಾರೆ. ಕಿಲೋಮೀಟರಿಗೆ ಎಷ್ಟು ಉಳಿಯುತ್ತದೆ, ಎಷ್ಟು ವರ್ಷಕ್ಕೆ ಹಾಕಿದ ದುಡ್ಡು ವಾಪಸ್ ಬರುತ್ತದೆ ಎಂದು ಬಾಯಿಲೆಕ್ಕದಲ್ಲೇ ಒಪ್ಪಿಸುತ್ತಾರೆ. ಆದರೆ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಇಂದು ಏಳುತ್ತಿರುವ ಪ್ರಶ್ನೆಯೇ ಬೇರೆ. ಐದಾರು ವರ್ಷದ ಹಿಂದೆ ಕೊಂಡ ಎಲೆಕ್ಟ್ರಿಕ್ ಕಾರು ಅಂಗಳದಲ್ಲಿದೆ, ಪಕ್ಕದಲ್ಲೇ ಎಲೆಕ್ಟ್ರಿಕ್ ಸ್ಕೂಟರ್ ನಿಂತಿದೆ. ಎರಡೂ ಓಡುತ್ತಿವೆ, ಆದರೆ ಕೊಂಡ ಹೊಸದರಲ್ಲಿ ಓಡಿದಷ್ಟು ದೂರ ಓಡುತ್ತಿಲ್ಲ. ಶೋರೂಮಿನಲ್ಲಿ ಹೊಸ ಮಾದರಿ ಬಂದಿದೆ, ಅದರ ರೇಂಜ್ ಒಂದೂವರೆ ಪಟ್ಟು. ಹಳೆಯದನ್ನು ಇಟ್ಟುಕೊಳ್ಳುವುದೋ, ಕೊಟ್ಟು ಹೊಸದು ತರುವುದೋ?

ಈ ಪ್ರಶ್ನೆಗೂ ಜನ ಮೊದಲಿನ ಲೆಕ್ಕವನ್ನೇ ಹಾಕುತ್ತಾರೆ. ಎಡವುವುದು ಅಲ್ಲೇ. ಪೆಟ್ರೋಲ್ ಗಾಡಿಯಿಂದ ಇ.ವಿ.ಗೆ ಬಂದಾಗ ಪ್ರತಿ ಕಿಲೋಮೀಟರಿನಲ್ಲೂ ದುಡ್ಡು ಉಳಿಯುತ್ತದೆ. ಇ.ವಿ.ಯಿಂದ ಇನ್ನೊಂದು ಇ.ವಿ.ಗೆ ಹೋದರೆ ಓಡಿಸುವ ಖರ್ಚಿನಲ್ಲಿ ಉಳಿಯುವುದು ಹೆಚ್ಚುಕಡಿಮೆ ಸೊನ್ನೆ. ಹೊಸ ಗಾಡಿಗೆ ಹಾಕುವ ಲಕ್ಷಗಳನ್ನು ಸಮರ್ಥಿಸಲು ಬೇರೆ ಕಾರಣವೇ ಬೇಕು. ಅಂಥ ಕಾರಣ ಕೆಲವರಿಗೆ ಇರುತ್ತದೆ, ಬಹುಪಾಲು ಮನೆಗಳಿಗೆ ಇರುವುದಿಲ್ಲ ಎಂಬುದು ನನ್ನ ಎಣಿಕೆ.

ಹಾಗಿದ್ದೂ ಜನ ಬದಲಿಸಲು ಹೊರಡುವುದು ಬ್ಯಾಟರಿ ಕೈಕೊಟ್ಟೀತೆಂಬ ಅಳುಕಿನಿಂದ. ನಮ್ಮಲ್ಲಿ ಈ ಅಳುಕಿಗೆ ಹಳೆಯ ಬೇರಿದೆ. ಭಾರತದ ಎಲೆಕ್ಟ್ರಿಕ್ ಕಾರು ಹೆಸರು ಮಾಡಿದ್ದು ಬೆಂಗಳೂರಿನಿಂದ. ಚೇತನ್ ಮೈನಿ ಅವರ ರೇವಾ 2001ರಲ್ಲಿ ರಸ್ತೆಗಿಳಿಯಿತು. ಅದೇ ಪುಟ್ಟ ಕಾರು ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಾಡಿತು. ಅದರ ಸೀಟಿನಡಿ ಇದ್ದದ್ದು ಲೆಡ್-ಆಸಿಡ್ ಬ್ಯಾಟರಿಗಳು, ಮನೆಯ ಯುಪಿಎಸ್‌ಗೆ ಹಾಕುವ ಜಾತಿಯವು. ಕೆಲವೇ ವರ್ಷಕ್ಕೆ ಇಡೀ ಸೆಟ್ ಬದಲಿಸಬೇಕಾಗುತ್ತಿತ್ತು. ‘ಎಲೆಕ್ಟ್ರಿಕ್ ಗಾಡಿ ಅಂದ್ರೆ ಬ್ಯಾಟರಿ ಕೈಕೊಡುತ್ತೆ’ ಎಂಬ ಮಾತು ಆಗಲೇ ನಮ್ಮ ತಲೆಗೆ ಹೊಕ್ಕಿತು. 2010ರಲ್ಲಿ ರೇವಾ ಮಹೀಂದ್ರ ತೆಕ್ಕೆಗೆ ಹೋಯಿತು, 2013ರಲ್ಲಿ ಲಿಥಿಯಂ ಬ್ಯಾಟರಿಯ ಇ2ಒ ಬಂತು. 2018ರಲ್ಲಿ ಬೆಂಗಳೂರಿನ ಏಥರ್ ತನ್ನ 450 ಸ್ಕೂಟರ್ ಬಿಟ್ಟಿತು, 2020ರ ಜನವರಿಯಲ್ಲಿ ಟಾಟಾ ನೆಕ್ಸಾನ್ ಇ.ವಿ. ಬಂತು. ತಂತ್ರಜ್ಞಾನ ಪೂರ್ತಿ ಬದಲಾಯಿತು. ಭಯ ಮಾತ್ರ ರೇವಾ ಕಾಲದ್ದೇ ಉಳಿಯಿತು.

ಮಾರಾಟಗಾರರಿಗೆ ಈ ಭಯದ ಬೆಲೆ ಚೆನ್ನಾಗಿ ಗೊತ್ತು. ‘ಸಾರ್, ಬ್ಯಾಟರಿ ಹೋದ್ಮೇಲೆ ಇದನ್ನ ಯಾರೂ ಮುಟ್ಟಲ್ಲ. ಈಗ್ಲೇ ಎಕ್ಸ್‌ಚೇಂಜ್‌ಗೆ ಬಿಟ್ಬಿಡಿ, ಒಳ್ಳೆ ರೇಟ್ ಕೊಡಿಸ್ತೀನಿ’ ಎಂಬ ಮಾತು ಕೇಳದ ಇ.ವಿ. ಮಾಲೀಕರು ಕಡಿಮೆ. ಬ್ಯಾಟರಿ ಯಾವಾಗ ಹೋಗುತ್ತದೆ, ಈಗ ಎಷ್ಟು ಉಳಿದಿದೆ ಎಂದು ತಿರುಗಿ ಕೇಳಿದರೆ ಮಾತು ಸನ್‌ರೂಫಿನ ಕಡೆ ಹೊರಳುತ್ತದೆ.

ಲೆಕ್ಕಕ್ಕೆ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಮೈಸೂರಿನ ಗಂಡ ಹೆಂಡತಿ, ಶಾಲೆಗೆ ಹೋಗುವ ಮಗಳು, ಜೊತೆಗೆ ಅಜ್ಜಿ. 2020ರ ಮಧ್ಯದಲ್ಲಿ ಕೊಂಡ ಕಾರಿನ ಬ್ಯಾಟರಿ ಸುಮಾರು 30 ಯೂನಿಟ್ ಹಿಡಿಯುವಂಥದ್ದು. ಕರೆಂಟ್ ಬಿಲ್ಲಿನ ಯೂನಿಟ್ಟೇ ಅದು, ಕಾರಿನವರು ಕಿಲೋವ್ಯಾಟ್ ಅವರ್ ಎನ್ನುತ್ತಾರೆ. 2021ರಲ್ಲಿ ಕೊಂಡ ಸ್ಕೂಟರಿನದು ಮೂರು ಯೂನಿಟ್ಟಿಗೆ ತುಸು ಕಡಿಮೆ. ಕಾರು ವರ್ಷಕ್ಕೆ 12,000 ಕಿ.ಮೀ. ಓಡುತ್ತದೆ. ತಿಂಗಳಿಗೆ ಒಂದೆರಡು ಸಲ ಬೆಂಗಳೂರು, ವರ್ಷಕ್ಕೊಮ್ಮೆ ಮಂಗಳೂರು. ಸ್ಕೂಟರ್ ದಿನಕ್ಕೆ 20 ಕಿ.ಮೀ.

ಮೊದಲ ಸಲ ಇ.ವಿ. ಕೊಂಡಾಗ ಇವರ ಲೆಕ್ಕ ಸರಿಯಾಗಿಯೇ ಇತ್ತು. ಲೀಟರಿಗೆ 15 ಕಿ.ಮೀ. ಕೊಡುವ ಪೆಟ್ರೋಲ್ ಕಾರಿಗೆ ವರ್ಷಕ್ಕೆ 800 ಲೀಟರ್ ಬೇಕು. ಲೀಟರಿಗೆ 103 ರೂಪಾಯಿ ಎಂದು ಹಿಡಿದರೆ 82,000 ರೂಪಾಯಿ ದಾಟುತ್ತದೆ. ಇ.ವಿ.ಯಲ್ಲಿ ಗೋಡೆಯ ಪ್ಲಗ್ಗಿನಿಂದ ಎಳೆದ ಒಂದು ಯೂನಿಟ್ಟಿಗೆ ಆರೂವರೆ ಕಿ.ಮೀ. ಎಂದು ಹಿಡಿದರೆ ವರ್ಷಕ್ಕೆ 1,850 ಯೂನಿಟ್. ತೆರಿಗೆ ಎಲ್ಲ ಸೇರಿ ಯೂನಿಟ್ಟಿಗೆ 7 ರೂಪಾಯಿಯಂತೆ 13,000 ರೂಪಾಯಿ. ಸುಮಾರು 69,000 ಉಳಿಯಿತು. ಇದರಲ್ಲಿ ಒಂದು ಸಣ್ಣ ಸೋರಿಕೆ ಇದೆ, ಅದನ್ನು ಹಲವರು ಗಮನಿಸುವುದಿಲ್ಲ. ರಾಜ್ಯದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದ ಮನೆ ಇಡೀ ಬಿಲ್ಲನ್ನು ಕಟ್ಟಬೇಕು. ಕಾರೊಂದೇ ತಿಂಗಳಿಗೆ 150 ಯೂನಿಟ್ ಕುಡಿಯುವುದರಿಂದ, ಸೊನ್ನೆ ಬಿಲ್ಲಿನ ಮನೆ ಏಕಾಏಕಿ ಪೂರ್ತಿ ಬಿಲ್ಲಿನ ಮನೆಯಾಗುತ್ತದೆ. ಅದನ್ನು ಕಳೆದರೂ ಉಳಿತಾಯ ದೊಡ್ಡದೇ.

ಈಗ ಎರಡನೇ ಸಲದ ಲೆಕ್ಕಕ್ಕೆ ಬರೋಣ. ಹೊಸ ಕಾರು ರಸ್ತೆಗಿಳಿಯಲು 15 ಲಕ್ಷ, ಹಳೆಯದಕ್ಕೆ 6 ಲಕ್ಷ ಸಿಕ್ಕಿತು ಎಂದುಕೊಳ್ಳಿ. ಉಳಿದ 9 ಲಕ್ಷಕ್ಕೆ 9% ಬಡ್ಡಿಯಲ್ಲಿ ಐದು ವರ್ಷದ ಸಾಲ ಮಾಡಿದರೆ ತಿಂಗಳ ಕಂತು 18,700 ರೂಪಾಯಿ ಆಸುಪಾಸು, ಬಡ್ಡಿಯೇ 2.2 ಲಕ್ಷ. ಇದಕ್ಕೆ ಎದುರಾಗಿ ಕರೆಂಟಿನಲ್ಲಿ ಉಳಿಯುವುದೆಷ್ಟು? ಹೊಸ ಕಾರಿನ ಬ್ಯಾಟರಿ ದೊಡ್ಡದು, ತೂಕವೂ ಹೆಚ್ಚು. ಯೂನಿಟ್ಟಿಗೆ ಆರೂವರೆ ಕಿ.ಮೀ. ಬದಲು ಏಳು ಕೊಟ್ಟರೂ ವರ್ಷಕ್ಕೆ ಒಂದು ಸಾವಿರ ರೂಪಾಯಿಯೂ ಉಳಿಯುವುದಿಲ್ಲ. ವಿಮೆ ಬೇರೆ ಏರುತ್ತದೆ, ಏಕೆಂದರೆ ಅದು ಗಾಡಿಯ ಮೌಲ್ಯದ ಮೇಲೆ ನಿಂತಿದೆ. ವಿಮಾ ಕಂಪನಿಗಳು ಬಳಸುವ ಸವಕಳಿ ಪಟ್ಟಿಯ ಪ್ರಕಾರ ಎರಡನೇ ವರ್ಷದಲ್ಲಿ ಗಾಡಿಯ ಮೌಲ್ಯ 20% ಇಳಿದಿರುತ್ತದೆ, ಐದನೇ ವರ್ಷದಲ್ಲಿ ಅರ್ಧ. ಮೈಸೂರಿನ ಮನೆಯ ಹಳೆಯ ಕಾರು ಈ ದೊಡ್ಡ ಇಳಿತವನ್ನು ಆಗಲೇ ಇಳಿದು ಮುಗಿಸಿದೆ. ಹೊಸದು ಈಗ ಶುರು ಮಾಡುತ್ತದೆ.

‘ಬ್ಯಾಟರಿ ಹೋದರೆ?’ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದಲ್ಲ. ಅದರ ಹತ್ತಿರ ಸ್ವಲ್ಪ ಹೊತ್ತು ಕೂರಬೇಕು.

ಲಿಥಿಯಂ ಬ್ಯಾಟರಿ ಎರಡು ರೀತಿಯಲ್ಲಿ ಹಳೆಯದಾಗುತ್ತದೆ. ಚಾರ್ಜ್ ಮಾಡಿ ಖಾಲಿ ಮಾಡಿದಷ್ಟೂ ಸವೆಯುವುದು ಒಂದು. ಸುಮ್ಮನೆ ನಿಂತಿದ್ದರೂ ವಯಸ್ಸಾಗುವುದು ಇನ್ನೊಂದು. ಒಳಗಿನ ಋಣ ವಿದ್ಯುದ್ವಾರದ ಮೇಲೆ ತೆಳುವಾದ ಪೊರೆಯೊಂದು ಕಟ್ಟುತ್ತದೆ. ಅದು ಬೆಳೆದಷ್ಟೂ ಓಡಾಡಬೇಕಾದ ಲಿಥಿಯಂ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಮೊದಲ ವರ್ಷ ಪೊರೆ ಬೇಗ ಬೆಳೆಯುತ್ತದೆ, ಆಮೇಲೆ ವೇಗ ಕಡಿಮೆಯಾಗುತ್ತದೆ. ಹೀಗಾಗಿ ಹೊಸದರಲ್ಲಿ ರೇಂಜ್ ಸರ್ರನೆ ಇಳಿದದ್ದನ್ನು ಕಂಡು, ಪ್ರತಿವರ್ಷವೂ ಇಷ್ಟೇ ಇಳಿಯುತ್ತದೆ ಎಂದು ಗುಣಿಸಿ ಗಾಬರಿಯಾಗಬೇಕಿಲ್ಲ. ಕೆನಡಾದ ಜಿಯೋಟ್ಯಾಬ್ ಸಂಸ್ಥೆ ಸಾವಿರಾರು ಇ.ವಿ.ಗಳ ದತ್ತಾಂಶ ನೋಡಿ 2020ರಲ್ಲಿ ವರ್ಷಕ್ಕೆ ಸರಾಸರಿ 2.3% ಸವಕಳಿ ಎಂದಿತ್ತು. 2024ರ ವಿಶ್ಲೇಷಣೆಯಲ್ಲಿ ಅದು 1.8%ಕ್ಕೆ ಇಳಿದಿತ್ತು. ಆರು ವರ್ಷಕ್ಕೆ ಹನ್ನೊಂದರಿಂದ ಹದಿನಾಲ್ಕು ಶೇಕಡಾ ಆಯಿತು.

ಸೆಖೆ ಈ ಸವಕಳಿಯನ್ನು ಹೆಚ್ಚಿಸುತ್ತದೆ. ಬ್ಯಾಟರಿಗೆ ತಂಪುದ್ರವದ ವ್ಯವಸ್ಥೆ ಇಲ್ಲದ ಮೊದಲ ನಿಸ್ಸಾನ್ ಲೀಫ್ ಕಾರುಗಳು ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ ಒಂದೆರಡು ವರ್ಷಕ್ಕೇ ಸಾಮರ್ಥ್ಯ ಕಳೆದುಕೊಂಡು 2012ರಲ್ಲಿ ದೊಡ್ಡ ಗದ್ದಲವಾಗಿತ್ತು. ನಮ್ಮ ಮೈಸೂರು, ಬೆಂಗಳೂರಿನ ಹವೆ ಬ್ಯಾಟರಿಗೆ ಹೇಳಿ ಮಾಡಿಸಿದಂತಿದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬಯಲಲ್ಲೇ ನಿಲ್ಲುವ ಗಾಡಿಯ ಲೆಕ್ಕ ಬೇರೆ. ಅಲ್ಲಿ ನೂರಕ್ಕೆ ನೂರು ಚಾರ್ಜ್ ಮಾಡಿ ಬಿಸಿಲಲ್ಲಿ ಬಿಟ್ಟರೆ ಬ್ಯಾಟರಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಒಂದೇ ವರ್ಷ ಕೊಂಡ, ಒಂದೇ ಮಾದರಿಯ ಎರಡು ಕಾರುಗಳ ಆರೋಗ್ಯ ಬೇರೆ ಬೇರೆ ಇರುವುದು ಇದರಿಂದಲೇ. ಓಡೋಮೀಟರ್ ಅರ್ಧ ಕಥೆಯನ್ನಷ್ಟೇ ಹೇಳುತ್ತದೆ.

ಆದ್ದರಿಂದ ಊಹೆ ಬಿಟ್ಟು ಅಳೆಯಬೇಕು. ಸರ್ವಿಸ್ ಸೆಂಟರಿನಲ್ಲಿ ಎಸ್‌ಒಎಚ್, ಅಂದರೆ ಬ್ಯಾಟರಿಯ ಆರೋಗ್ಯದ ಶೇಕಡಾವಾರು ವರದಿ ಕೇಳಬಹುದು. ಕೆಲವರು ಕಾರಿನ ತಪಾಸಣಾ ಪೋರ್ಟಿಗೆ ಒಬಿಡಿ ಡಾಂಗಲ್ ಸಿಕ್ಕಿಸಿ ಫೋನಿನಲ್ಲೇ ನೋಡಿಕೊಳ್ಳುತ್ತಾರೆ. ಎರಡೂ ಬೇಡವೆಂದರೆ ಮನೆಯಲ್ಲೇ ಒಂದು ದಾರಿ ಇದೆ. ಕಾರು 20%ಕ್ಕೆ ಇಳಿದಾಗ ಚಾರ್ಜರಿಗೆ ಒಂದು ಎನರ್ಜಿ ಮೀಟರ್ ಸೇರಿಸಿ 100% ಆಗುವವರೆಗೆ ಎಷ್ಟು ಯೂನಿಟ್ ಹೋಯಿತು ಎಂದು ಬರೆದುಕೊಳ್ಳಿ. ದಾರಿಯಲ್ಲಿ ಸುಮಾರು 12% ಶಾಖವಾಗಿ ಪೋಲಾಗುತ್ತದೆ. 30 ಯೂನಿಟ್ಟಿನ ಹೊಸ ಬ್ಯಾಟರಿಯ 80% ಅಂದರೆ 24 ಯೂನಿಟ್, ಅದನ್ನು ತುಂಬಲು ಗೋಡೆಯಿಂದ 27 ಯೂನಿಟ್ ಚಿಲ್ಲರೆ ಹೋಗಬೇಕು. ನಿಮ್ಮ ಮೀಟರ್ 23 ತೋರಿಸಿತು ಎನ್ನಿ. ಒಳಗೆ ಸೇರಿದ್ದು 20 ಯೂನಿಟ್ಟಿಗೆ ತುಸು ಹೆಚ್ಚು, ಪೂರ್ತಿ ಬ್ಯಾಟರಿಗೆ ಹರಡಿದರೆ 25. ಆರೋಗ್ಯ ಸುಮಾರು 84%. ಬ್ಯಾಟರಿಯ ಒಂದಂಶವನ್ನು ಕಂಪನಿಯೇ ಮುಟ್ಟಗೊಡದೆ ಮೀಸಲಿಟ್ಟಿರುತ್ತದೆ, ಹಾಗಾಗಿ ಅಂಕಿ ಒಂದೆರಡು ಶೇಕಡಾ ಆಚೀಚೆ ಆಗಬಹುದು. ಆದರೆ 84 ಮತ್ತು 65ರ ವ್ಯತ್ಯಾಸ ಇದರಲ್ಲಿ ಖಂಡಿತ ಗೊತ್ತಾಗುತ್ತದೆ. ಕಾರಿನ ಪರದೆಯ ಮೇಲೆ ಕಾಣುವ ‘ಇನ್ನು ಇಷ್ಟು ಕಿ.ಮೀ.’ ಎಂಬ ಅಂಕಿಯನ್ನು ಮಾತ್ರ ನಂಬಬೇಡಿ. ನಿನ್ನೆ ನೀವು ಹೇಗೆ ಓಡಿಸಿದಿರಿ ಎಂಬುದರ ಮೇಲೆ ಅದು ಕುಣಿಯುತ್ತದೆ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯ ಕಾರಾದರೆ ಆಗಾಗ ಪೂರ್ತಿ 100% ತುಂಬಿಸದಿದ್ದಲ್ಲಿ ಒಳಗಿನ ಲೆಕ್ಕಿಗನಿಗೇ ದಾರಿ ತಪ್ಪುತ್ತದೆ. ರೇಂಜ್ ಬಿದ್ದುಹೋಯಿತು ಎಂದು ಕಂಗಾಲಾದವರ ಗಾಡಿ ಎರಡು ಮೂರು ಪೂರ್ತಿ ಚಾರ್ಜಿಗೆ ಸರಿಹೋದದ್ದುಂಟು.

ಇನ್ನೊಂದು ಮಾತು. ಇ.ವಿ. ಕೆಟ್ಟು ನಿಂತಿತೆಂದರೆ ದೊಡ್ಡ ಬ್ಯಾಟರಿಯೇ ಹೋಯಿತು ಎಂದು ಮನೆಯವರೆಲ್ಲ ತೀರ್ಮಾನಿಸುತ್ತಾರೆ. ಎಷ್ಟೋ ಸಲ ಸತ್ತಿರುವುದು ಬಾನೆಟ್ಟಿನೊಳಗಿನ 12 ವೋಲ್ಟಿನ ಸಣ್ಣ ಬ್ಯಾಟರಿ, ಕೆಲವೇ ಸಾವಿರ ರೂಪಾಯಿಯ ವಸ್ತು. ಅದು ಇಲ್ಲದೆ ಕಾರಿನ ಕಂಪ್ಯೂಟರ್ ಏಳುವುದಿಲ್ಲ, ದೊಡ್ಡ ಬ್ಯಾಟರಿಯ ಬಾಗಿಲೂ ತೆರೆಯುವುದಿಲ್ಲ. ಕಾರಿನೊಳಗಿನ ಚಾರ್ಜರ್, ಮೋಟರ್ ಕಂಟ್ರೋಲರ್ ಕೆಟ್ಟರೆ ಕೈ ಕಚ್ಚುತ್ತದೆ ನಿಜ. ಟೈರ್ ಕೂಡ ಪೆಟ್ರೋಲ್ ಕಾರಿಗಿಂತ ಬೇಗ ಸವೆಯುತ್ತವೆ, ತೂಕ ಮತ್ತು ಎಳೆತ ಎರಡೂ ಹೆಚ್ಚಲ್ಲವೇ. ಬ್ರೇಕ್ ಪ್ಯಾಡ್ ಮಾತ್ರ ಆಶ್ಚರ್ಯ ಪಡುವಷ್ಟು ಕಾಲ ಬರುತ್ತದೆ. ಏನು ಕೆಟ್ಟಿದೆ ಎಂದು ಗೊತ್ತಾಗುವ ಮೊದಲೇ ಗಾಡಿ ಕೊಡುವುದೆಂದರೆ ಜ್ವರಕ್ಕೆ ಹೆದರಿ ಆಸ್ತಿ ಬರೆದುಕೊಟ್ಟ ಹಾಗೆ.

84% ಆರೋಗ್ಯ ಸಾಕೇ ಎಂಬುದು ಬ್ಯಾಟರಿಯನ್ನಲ್ಲ, ಮನೆಯನ್ನು ಕೇಳಬೇಕಾದ ಪ್ರಶ್ನೆ. ಇವರದರಂಥದೇ ಬ್ಯಾಟರಿಯಿದ್ದ ಮೊದಲ ನೆಕ್ಸಾನ್ ಇ.ವಿ.ಗೆ ಕಾಗದದ ಮೇಲೆ 312 ಕಿ.ಮೀ. ರೇಂಜ್ ಇತ್ತು, ರಸ್ತೆಯಲ್ಲಿ 200ರ ಆಸುಪಾಸು. 84% ಎಂದರೆ ಸುಮಾರು 168. ಊರೊಳಗಿನ ಓಡಾಟಕ್ಕೆ ಇದು ನಾಲ್ಕೈದು ದಿನಕ್ಕಾಯಿತು. ಬೆಂಗಳೂರಿನ ಪ್ರಯಾಣ ಬೇರೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಹಾಗಾಗಿ ಎಕ್ಸ್‌ಪ್ರೆಸ್‌ವೇಯಲ್ಲಿ 100ರಲ್ಲಿ ಹೋದರೆ ಬ್ಯಾಟರಿ ಇಳಿಯುವುದು ಕಣ್ಣಿಗೇ ಕಾಣುತ್ತದೆ. 80ರಲ್ಲಿ ಹೋದರೆ ನಿರಾಳ. ಮೈಸೂರಿನ ಮನೆಯಿಂದ ಬೆಂಗಳೂರಿನ ನೆಂಟರ ಮನೆಗೆ 145 ಕಿ.ಮೀ. ಹೊಸದರಲ್ಲಿ ಧೈರ್ಯವಾಗಿ ತಲುಪುತ್ತಿದ್ದವರು ಈಗ ಸ್ವಲ್ಪ ಎದೆ ಹಿಡಿದುಕೊಂಡೇ ತಲುಪುತ್ತಾರೆ. ಇಲ್ಲವೇ ಎಕ್ಸ್‌ಪ್ರೆಸ್‌ವೇ ಇಳಿದು ಮದ್ದೂರಿನಲ್ಲಿ ವಡೆ ತಿನ್ನುವಷ್ಟು ಹೊತ್ತು ಚಾರ್ಜ್ ಮಾಡಿಕೊಳ್ಳಬೇಕು. ತಿಂಗಳಿಗೆ ಒಂದೆರಡು ಸಲದ ಈ ಅರ್ಧ ಗಂಟೆಗೆ 18,700 ರೂಪಾಯಿ ಕಂತು ಕಟ್ಟುವುದು ನ್ಯಾಯವೇ ಎಂದು ಅವರೇ ಹೇಳಬೇಕು. ವಾರಕ್ಕೆ ಮೂರು ಸಲ ಬೆಂಗಳೂರಿಗೆ ಹೋಗುವ ಕೆಲಸ ಬಂದಿದ್ದರೆ ನಾನಂತೂ ನ್ಯಾಯ ಎನ್ನುತ್ತೇನೆ. ಮಂಗಳೂರಿನ ವಾರ್ಷಿಕ ಪ್ರಯಾಣಕ್ಕಾಗಿಯೇ ಕಾರು ಬದಲಿಸಬೇಕು ಎನ್ನುವವರಿಗೆ ಮಾತ್ರ ಬೇರೆ ಸಲಹೆ: ಆ ವಾರ ಒಂದು ಗಾಡಿ ಬಾಡಿಗೆಗೆ ತೆಗೆದುಕೊಳ್ಳಿ. ಶಿರಾಡಿ ಘಾಟಿ ಹತ್ತುವಾಗ ಬ್ಯಾಟರಿ ಪರ್ಸೆಂಟ್ ನೋಡುತ್ತ ಕೂರುವ ಕಷ್ಟವೂ ತಪ್ಪುತ್ತದೆ.

ವಾರಂಟಿಯ ತಾರೀಖು ಈ ಇಡೀ ತೀರ್ಮಾನದ ಗೂಟ. ನೆಕ್ಸಾನ್ ಇ.ವಿ.ಯ ಬ್ಯಾಟರಿ ಮತ್ತು ಮೋಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಇತ್ತು. 2020ರ ಮಧ್ಯದಲ್ಲಿ ಕೊಂಡದ್ದಕ್ಕೆ 2028ರ ಮಧ್ಯದವರೆಗೆ ಅದು ನಡೆಯುತ್ತದೆ. ವರ್ಷಕ್ಕೆ 12,000 ಕಿ.ಮೀ. ಓಡುವ ಮನೆಗೆ ಕಿಲೋಮೀಟರ್ ಮಿತಿ ಅಡ್ಡ ಬರುವುದೇ ಇಲ್ಲ. ಆ ತಾರೀಖಿನ ಒಳಗೆ ಬ್ಯಾಟರಿ ಕೈಕೊಟ್ಟರೆ ಹೊಣೆ ಕಂಪನಿಯದು. ಇಂಥ ಗಾಡಿಯನ್ನು ಬ್ಯಾಟರಿ ಭಯಕ್ಕೆ ಮಾರುವುದು, ಪ್ರೀಮಿಯಂ ಕಟ್ಟಿದ ವಿಮೆಯನ್ನು ನಡುವೆ ಬಿಟ್ಟುಕೊಟ್ಟ ಹಾಗೆಯೇ ಸರಿ. ಆದರೆ ಷರತ್ತುಗಳನ್ನು ಓದಬೇಕು: ಸರ್ವಿಸ್ ತಪ್ಪಿಸಿದ್ದೀರಾ, ಎಷ್ಟು ಶೇಕಡಾಕ್ಕೆ ಇಳಿದರೆ ಬದಲಿಸಿಕೊಡುತ್ತಾರೆ, ಎರಡನೇ ಮಾಲೀಕನಿಗೂ ಸಲ್ಲುತ್ತದೆಯೇ ಎಂದು. ಇತ್ತೀಚಿನ ಕೆಲವು ದೊಡ್ಡ ವಾರಂಟಿಗಳು ಮೊದಲ ಮಾಲೀಕನಿಗೆ ಮಾತ್ರ. ತಯಾರಕರು ದೋಷ ಕಂಡು ಹಿಂದಕ್ಕೆ ಕರೆಸಿಕೊಂಡ ಪಟ್ಟಿಯಲ್ಲಿ ನಿಮ್ಮ ಗಾಡಿ ಇದೆಯೇ ಎಂದೂ ನೋಡಿಕೊಳ್ಳಿ. 2020ರ ಡಿಸೆಂಬರಿನಲ್ಲಿ ಹ್ಯುಂಡೈ ಭಾರತದ 456 ಕೋನಾ ಕಾರುಗಳನ್ನು ಬ್ಯಾಟರಿ ತಪಾಸಣೆಗೆ ಕರೆಸಿತ್ತು. ಅಮೆರಿಕದ ಷೆವ್ರೊಲೆ ಬೋಲ್ಟ್ ಮಾಲೀಕರಲ್ಲಿ ಎಷ್ಟೋ ಮಂದಿಗೆ ಇಂಥ ಕರೆಯಿಂದ ಹಳೆಯ ಕಾರಿಗೆ ಹೊಸ ಬ್ಯಾಟರಿಯೇ ಸಿಕ್ಕಿತು.

ವಾರಂಟಿ ಮುಗಿದ ಮೇಲಿನ ಮಾತು ಇಷ್ಟು ಸುಲಭವಲ್ಲ. ಬ್ಲೂಮ್‌ಬರ್ಗ್‌ಎನ್‌ಇಎಫ್ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ 2024ರಲ್ಲಿ ಬ್ಯಾಟರಿ ಪ್ಯಾಕಿನ ಜಾಗತಿಕ ಸರಾಸರಿ ಬೆಲೆ ಯೂನಿಟ್ ಸಾಮರ್ಥ್ಯಕ್ಕೆ 115 ಡಾಲರ್. ಹದಿನೈದು ವರ್ಷಗಳ ಹಿಂದೆ ಅದು ಸಾವಿರ ಡಾಲರಿಗೂ ಮೇಲಿತ್ತು. ಈ ದರದಲ್ಲಿ 30 ಯೂನಿಟ್ಟಿಗೆ ಮೂರು ಲಕ್ಷ ರೂಪಾಯಿ ಆಸುಪಾಸು. ಆದರೆ ಅದು ಕಾರ್ಖಾನೆಯವರು ಸಗಟಾಗಿ ಕೊಳ್ಳುವ ಬೆಲೆ. ಸರ್ವಿಸ್ ಸೆಂಟರಿನ ಬಿಲ್ಲು ಅದಕ್ಕಿಂತ ಬಹಳ ಮೇಲಿರುತ್ತದೆ. ಅದರ ಜೊತೆಗೆ ನಮ್ಮ ತೆರಿಗೆಯದೊಂದು ವಿಚಿತ್ರ ಬೇರೆ. ಬ್ಯಾಟರಿ ಸೇರಿದ ಹೊಸ ಇ.ವಿ.ಗೆ ಜಿಎಸ್‌ಟಿ 5%, ಅದೇ ಲಿಥಿಯಂ ಬ್ಯಾಟರಿಯನ್ನು ಬಿಡಿಯಾಗಿ ಕೊಂಡರೆ 18%. ಇರುವ ಗಾಡಿಯನ್ನೇ ಉಳಿಸಿಕೊಳ್ಳುವವನಿಗೆ ದಂಡ, ಹೊಸದು ಕೊಳ್ಳುವವನಿಗೆ ರಿಯಾಯಿತಿ! ಪರಿಸರದ ಹೆಸರಿನಲ್ಲಿ ತೆರಿಗೆ ಇಳಿಸಿದ ಸರ್ಕಾರ ಈ ಕಡೆ ಕಣ್ಣು ಹಾಯಿಸಿದರೆ ಒಳ್ಳೆಯದು.

ಮೈಸೂರಿನ ಮನೆಗೆ ಇಲ್ಲೊಂದು ಉಪಾಯವಿದೆ. ಪೆಟ್ರೋಲಿನಲ್ಲಿ ಉಳಿದ ತಿಂಗಳ ಐದೂಮುಕ್ಕಾಲು ಸಾವಿರವನ್ನು ಹೊಸ ಕಾರಿನ ಕಂತಿಗೆ ಸುರಿಯುವ ಬದಲು ಬ್ಯಾಂಕಿನ ಆರ್.ಡಿ.ಗೆ ಹಾಕಿದರೆ ನಾಲ್ಕು ವರ್ಷಕ್ಕೆ ಬಡ್ಡಿ ಬಿಟ್ಟೇ 2.75 ಲಕ್ಷ ದಾಟುತ್ತದೆ. ಬ್ಯಾಟರಿ ಕೆಟ್ಟರೆ ಅದಕ್ಕೆ ಆಯಿತು, ಕೆಡದಿದ್ದರೆ ಮುಂದಿನ ಕಾರಿನ ಮುಂಗಡವಾಯಿತು. ಅಷ್ಟರಲ್ಲಿ ಬ್ಯಾಟರಿ ಬೆಲೆ ಏರುವುದಕ್ಕಿಂತ ಇಳಿಯುವ ಸಂಭವವೇ ಹೆಚ್ಚು.

ಸ್ಕೂಟರಿನ ಕಥೆ ಬೇರೆ. 2021ರ ಜೂನ್ ನಂತರ ಕೊಂಡವರಿಗೆ ಕೇಂದ್ರದ ಫೇಮ್-2 ಯೋಜನೆಯಲ್ಲಿ ಯೂನಿಟ್ ಸಾಮರ್ಥ್ಯಕ್ಕೆ 15,000 ರೂಪಾಯಿ ಸಬ್ಸಿಡಿ ಇತ್ತು. ಮೂರು ಯೂನಿಟ್ ಹತ್ತಿರದ ಸ್ಕೂಟರಿಗೆ 40,000 ರೂಪಾಯಿ ಮೀರಿ ಸಿಕ್ಕಿತು. 2023ರ ಜೂನಿನಲ್ಲಿ ಅದು 10,000ಕ್ಕೆ ಇಳಿಯಿತು. ಆಮೇಲೆ ಬಂದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಮೊದಲು 5,000, 2025ರ ಏಪ್ರಿಲಿನಿಂದ 2,500, ಒಂದು ಸ್ಕೂಟರಿಗೆ ಹೆಚ್ಚೆಂದರೆ 5,000 ರೂಪಾಯಿ ಎಂದಾಯಿತು. ಅಂದು ಸರ್ಕಾರ ಹಾಕಿದ ದುಡ್ಡು ಇನ್ನೊಮ್ಮೆ ಬರುವುದಿಲ್ಲ. ದಿನಕ್ಕೆ 20 ಕಿ.ಮೀ. ಓಡುವ ಸ್ಕೂಟರಿನ ರೇಂಜ್ 85ರಿಂದ 60ಕ್ಕೆ ಇಳಿದರೆ ಮನೆಯಲ್ಲಿ ಯಾರಿಗೂ ಗೊತ್ತೂ ಆಗುವುದಿಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಗೆ 2023ರ ಆಗಸ್ಟಿನಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವೂ ಇಲ್ಲ. 150 ಕಿ.ಮೀ. ರೇಂಜಿನ ಸ್ಕೂಟರ್ ತಂದು ಇವರು ಹೋಗುವುದಾದರೂ ಎಲ್ಲಿಗೆ?

ಹಾಗೆಂದು ಸ್ಕೂಟರನ್ನು ಕುರುಡಾಗಿ ಇಟ್ಟುಕೊಳ್ಳಿ ಎನ್ನಲಾರೆ. ಅದರ ವಾರಂಟಿ ಕಾರಿಗಿಂತ ಗಿಡ್ಡ. ಆ ಕಾಲದ ಬಹಳಷ್ಟು ಸ್ಕೂಟರುಗಳದು ಮೂರೇ ವರ್ಷಕ್ಕೆ ಮುಗಿದಿದೆ. ಜೊತೆಗೆ ಸುರಕ್ಷತೆಯ ಪ್ರಶ್ನೆ. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ಎಲೆಕ್ಟ್ರಿಕ್ ಸ್ಕೂಟರುಗಳಿಗೆ ಬೆಂಕಿ ಬಿದ್ದ ಮೇಲೆ ಎಐಎಸ್-156 ಎಂಬ ಬ್ಯಾಟರಿ ಮಾನಕವನ್ನು ಬಿಗಿಗೊಳಿಸಿ, 2022ರ ಡಿಸೆಂಬರ್ ಮತ್ತು 2023ರ ಮಾರ್ಚ್ ಕೊನೆಯಿಂದ ಎರಡು ಹಂತದಲ್ಲಿ ಜಾರಿಗೆ ತಂದರು. ಅದಕ್ಕಿಂತ ಹಳೆಯ ಸ್ಕೂಟರುಗಳೆಲ್ಲ ಅಪಾಯಕಾರಿ ಎಂದಲ್ಲ. ಆದರೆ ಪ್ಯಾಕ್ ಉಬ್ಬಿದ್ದರೆ, ಚಾರ್ಜಿಗೆ ಹಾಕಿದಾಗ ಮುಟ್ಟಲಾರದಷ್ಟು ಬಿಸಿಯಾದರೆ, ಸಿಹಿಯಾದ ರಾಸಾಯನಿಕ ವಾಸನೆ ಬಂದರೆ ಆ ದಿನವೇ ಓಡಿಸುವುದನ್ನು ನಿಲ್ಲಿಸಬೇಕು. ಮೆಟ್ಟಿಲ ಬುಡದಲ್ಲಿ, ಮಲಗುವ ಕೋಣೆಯ ಹತ್ತಿರ ಚಾರ್ಜ್ ಮಾಡುವುದಂತೂ ಬೇಡವೇ ಬೇಡ. ಕಂಪನಿಯ ಬ್ಯಾಟರಿ ದುಬಾರಿ ಎಂದು ಯಾರೋ ಜೋಡಿಸಿಕೊಟ್ಟ ಅಗ್ಗದ ಪ್ಯಾಕ್ ಹಾಕಿಸಿಕೊಳ್ಳುವವರಿದ್ದಾರೆ. ಸೆಲ್‌ಗಳ ಮೇಲೆ ಕಣ್ಣಿಡುವ ಬಿಎಂಎಸ್ ಸರಿಹೊಂದದ ಪ್ಯಾಕ್ ಮನೆಯೊಳಗೆ ತರುವುದಕ್ಕಿಂತ ಸ್ಕೂಟರನ್ನೇ ಬದಲಿಸುವುದು ಸಾವಿರ ಪಾಲು ಮೇಲು. ಹೊಸ ಬ್ಯಾಟರಿಯ ಬೆಲೆ ಹೊಸ ಸ್ಕೂಟರಿನ ಅರ್ಧ ದಾಟಿದರೆ ಯೋಚಿಸಲು ಉಳಿದದ್ದೇನೂ ಇಲ್ಲ, ಬದಲಿಸಿ.

ಕಾರನ್ನೂ ಬದಲಿಸಲೇಬೇಕಾದ ಸಂದರ್ಭಗಳಿವೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಕೆರೆಯಾದಾಗ ಮುಳುಗಿದಂಥ ಗಾಡಿಯಾದರೆ, ಬ್ಯಾಟರಿ ಪೆಟ್ಟಿಗೆಯ ತಳಕ್ಕೆ ಹಂಪ್ ಬಡಿದು ಜಜ್ಜಿದ್ದರೆ, ಒಳಗೆ ಏನಾಗಿದೆ ಎಂದು ಹೊರಗಿನಿಂದ ಹೇಳಲಾಗದು. ತಯಾರಿಕೆಯೇ ನಿಂತುಹೋಗಿ ಬಿಡಿಭಾಗಕ್ಕೆ ತಿಂಗಳುಗಟ್ಟಲೆ ಕಾಯಿಸುವ ಮಾದರಿಯೂ ಅಷ್ಟೆ. ಚಾರ್ಜಿಂಗ್ ಪೋರ್ಟ್ ಇನ್ನೊಂದು. ಮಹೀಂದ್ರ ಇ-ವೆರಿಟೊ, 2019ರ ಟಿಗೋರ್ ಇ.ವಿ.ಗಳಿಗೆ ಇದ್ದದ್ದು ಜಿಬಿ/ಟಿ ಮಾದರಿಯ, ನಿಧಾನಗತಿಯ ಡಿಸಿ ಪೋರ್ಟ್. ಆಮೇಲೆ ದೇಶ ಸಿಸಿಎಸ್-2 ಕಡೆ ವಾಲಿತು. ಈಗ ಹೆದ್ದಾರಿಯಲ್ಲಿ ಏಳುತ್ತಿರುವ ಫಾಸ್ಟ್ ಚಾರ್ಜರುಗಳೆಲ್ಲ ಹೆಚ್ಚುಕಡಿಮೆ ಅದರವೇ. ಹಳೆಯ ಪೋರ್ಟಿನ ಕಾರಿಗೆ ಊರೊಳಗೆ ಮನೆಯ ಪ್ಲಗ್ ಸಾಕು, ಹೆದ್ದಾರಿಯಲ್ಲಿ ಅದು ಅನಾಥ. ಅಂಥ ಕಾರನ್ನು ಮಾರದೆ ಊರಿನ ಓಡಾಟಕ್ಕೆ ಇಟ್ಟುಕೊಂಡು ದೂರಕ್ಕೆ ರೈಲು ಹಿಡಿಯುವವರನ್ನು ನಾನು ಬುದ್ಧಿವಂತರು ಎನ್ನುತ್ತೇನೆ.

ಪರಿಸರಕ್ಕಾಗಿ ಹೊಸ ಇ.ವಿ. ಎನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ. ಸ್ವೀಡನ್ನಿನ ಐವಿಎಲ್ ಸಂಸ್ಥೆಯ 2019ರ ವರದಿಯಂತೆ ಬ್ಯಾಟರಿ ತಯಾರಿಸುವಾಗಲೇ ಯೂನಿಟ್ ಸಾಮರ್ಥ್ಯಕ್ಕೆ 61ರಿಂದ 106 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊಮ್ಮುತ್ತದೆ. 45 ಯೂನಿಟ್ಟಿನ ಹೊಸ ಬ್ಯಾಟರಿ ಎಂದರೆ ಎರಡೂಮುಕ್ಕಾಲರಿಂದ ನಾಲ್ಕೂಮುಕ್ಕಾಲು ಟನ್. ಮೈಸೂರಿನ ಹಳೆಯ ಕಾರು ಇಡೀ ವರ್ಷ ಓಡಲು ಬಳಸುವ ಕರೆಂಟಿನ ಹೊಗೆ, ದೇಶದ ಗ್ರಿಡ್ ಸರಾಸರಿಯಲ್ಲಿ, ಒಂದೂಕಾಲು ಟನ್ನಿಗೆ ತುಸು ಹೆಚ್ಚು. ಎರಡರಿಂದ ಮೂರೂವರೆ ವರ್ಷದ ಓಟದ ಹೊಗೆಯನ್ನು ಹೊಸ ಕಾರು ಕಾರ್ಖಾನೆಯಲ್ಲೇ ಬಿಟ್ಟು ಬಂದಿರುತ್ತದೆ. ಒಂದು ವಿನಾಯಿತಿ ಒಪ್ಪಬೇಕು: ನೀವು ಮಾರಿದ ಹಳೆಯ ಇ.ವಿ. ಇನ್ನೊಂದು ಮನೆಯ ಪೆಟ್ರೋಲ್ ಕಾರನ್ನು ಮೂಲೆಗೆ ತಳ್ಳಿದರೆ ಲೆಕ್ಕ ತಿರುಗುತ್ತದೆ.

ಸವೆದ ಬ್ಯಾಟರಿಯೂ ಕಸವಲ್ಲ. ಗಾಡಿಗೆ ಸಾಲದ 70% ಆರೋಗ್ಯದ ಪ್ಯಾಕ್ ಸೋಲಾರ್ ಕರೆಂಟ್ ಕೂಡಿಡಲು ಧಾರಾಳವಾಗಿ ಸಾಕು. ಬೆಂಗಳೂರಿನಲ್ಲೂ ನೆಲೆಯಿರುವ ನುನಾಮ್ ಎಂಬ ಸಂಸ್ಥೆ ಆಡಿ ಕಾರಿನ ಬಳಸಿದ ಬ್ಯಾಟರಿಗಳಿಂದ 2022ರಲ್ಲಿ ಇ-ರಿಕ್ಷಾಗಳನ್ನೇ ಓಡಿಸಿ ತೋರಿಸಿತು. ಅದೇ ವರ್ಷದ ಬ್ಯಾಟರಿ ತ್ಯಾಜ್ಯ ನಿಯಮಗಳಂತೆ ಹಳೆಯ ಬ್ಯಾಟರಿಗಳ ಸಂಗ್ರಹ, ಮರುಬಳಕೆಯ ಹೊಣೆ ತಯಾರಕರದು. ಗುಜರಿಗೆ ಮಾತ್ರ ಹಾಕಬೇಡಿ.

ನಾನಾದರೆ ಆ ಮೈಸೂರಿನ ಮನೆಗೆ ಹೇಳುವುದಿಷ್ಟು: ಕಾರನ್ನು 2028ರವರೆಗೆ ಇಟ್ಟುಕೊಳ್ಳಿ, ವಾರಂಟಿ ಮುಗಿಯಲು ಆರು ತಿಂಗಳಿರುವಾಗ ಬ್ಯಾಟರಿ ಪರೀಕ್ಷೆ ಮಾಡಿಸಿ, ದೋಷವಿದ್ದರೆ ಆಗಲೇ ಲಿಖಿತವಾಗಿ ದೂರು ಕೊಡಿ. ಸ್ಕೂಟರ್ ಆರೋಗ್ಯವಾಗಿರುವವರೆಗೆ ಓಡಿಸಿ, ಅದಕ್ಕೆ ದೊಡ್ಡ ದುಡ್ಡು ಹಾಕಬೇಡಿ. ಎರಡನ್ನೂ ಒಟ್ಟಿಗೆ ಬದಲಿಸುವ ಮಾತಂತೂ ಬೇಡ. ಇಷ್ಟರ ಮೇಲೂ ಮಾರಲು ಮನಸ್ಸಾದರೆ, ಎಕ್ಸ್‌ಚೇಂಜ್ ಬೆಲೆ ಕೇಳುವ ಮೊದಲೇ ಎಸ್‌ಒಎಚ್ ವರದಿಯ ಪ್ರತಿ ನಿಮ್ಮ ಕೈಯಲ್ಲಿರಲಿ. ಡೀಲರ್ ತನ್ನ ಲಾಭಾಂಶದ ಮೇಲೆ 18% ಜಿಎಸ್‌ಟಿ ಕಟ್ಟಬೇಕು, ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ನೇರವಾಗಿ ಮಾರಿದರೆ ಆ ತೆರಿಗೆ ಇಲ್ಲ. ಪರಿಚಯದವರಲ್ಲಿ ಒಮ್ಮೆ ವಿಚಾರಿಸಿ. ವರದಿ ನೋಡದೆ ಬೆಲೆ ಕಟ್ಟುವ ಕಡೆ ಗಾಡಿಯ ಕೀಲಿ ಕೊಡಬೇಡಿ.